ಶಾಲೆಯ ಗಂಟೆ ಕದ್ದವರು ಯಾರು?

ಆಧುನಿಕ ಕನ್ನಡ ಸಾಹಿತ್ಯದ ಅತಿ ಮುಖ್ಯ ವ್ಯಕ್ತಿ ಎಲ್ಲಿದ್ದಾರೆ ಎಂದು ಕೇಳಿದರೆ ನೀವು ಧಾರವಾಡ ಎನ್ನುತ್ತೀರಿ, ಇಲ್ಲವೇ ಮೈಸೂರು ಎನ್ನುತ್ತೀರಿ. ತಪ್ಪು! ಅವರಿರುವುದು ಪುಣೆಯ ವಿಮಾನ ನಗರದಲ್ಲಿ, ಒಂದು ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿ. ಅವರು ಬರೆದವರಲ್ಲ. ಓದಿದ್ದೂ ಅಷ್ಟಕ್ಕಷ್ಟೇ. ಪುಣೆ ಹತ್ತಿರದ ರಾಂಜಣಗಾಂವದ ಕಾರ್ಖಾನೆಗಳಿಗೆ ಬೇರಿಂಗು, ಬೆಲ್ಟು ಮಾರಿ ಸಂಸಾರ ನಡೆಸಿ, ಈಗ ಅಂಗಡಿಯನ್ನು ಮಗನಿಗೆ ಒಪ್ಪಿಸಿ ಆರಾಮಾಗಿರುವವರು. ಆದರೂ ಅವರು ಹುಟ್ಟದಿದ್ದರೆ ಕನ್ನಡಕ್ಕೆ ಒಂದು ಮಹತ್ವದ ಪುಸ್ತಕವೇ ಇರುತ್ತಿರಲಿಲ್ಲ. ಹೀಗೆಂದು ಹೇಳುವ ವಿಮರ್ಶಕರು ಯಾರು? ಅವರೇ!

ಅವರು ನನ್ನ ಸೋದರಮಾವ. ನಾವೆಲ್ಲ ಮಾಮಾ ಎಂದು ಕರೆಯುತ್ತೇವೆ. ಗಡಿಯ ಕಡೆಯ ಒಂದು ಸಣ್ಣ ಊರಿನ ಕನ್ನಡ ಶಾಲೆಯಲ್ಲಿ ಓದಿದವರು. ಅದೇ ಶಾಲೆಯಲ್ಲಿ, ಅವರ ಪಕ್ಕದಲ್ಲೇ ಕುಳಿತು ಓದಿದ ಹುಡುಗನೊಬ್ಬ ಮುಂದೆ ಬಹಳ ದೊಡ್ಡ ಸಾಹಿತಿಯಾದ. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಆ ಪುಸ್ತಕ ತೆರೆದು ಯಾರದು ಖರೆ, ಯಾರದು ಸುಳ್ಳು ಎಂದು ತಾಳೆ ನೋಡಲು ಕೂರುತ್ತೀರಿ. ನನಗೆ ಈಗಾಗಲೇ ಇರುವ ತಲೆನೋವು ಸಾಕು.

ಆ ಸಾಹಿತಿಗಳು ತಮ್ಮ ಶಾಲೆಯ ದಿನಗಳ ಬಗ್ಗೆ ಒಂದು ಪುಸ್ತಕ ಬರೆದರು. ಓದಿದವರೆಲ್ಲ ನಕ್ಕು ನಕ್ಕು ಸುಸ್ತಾದರು. ನಾನೂ ನಕ್ಕೆ. ನಕ್ಕು ಸುಮ್ಮನಿರಬಾರದೆ? ನಮ್ಮ ಮಾಮಾನ ಊರಿನ ಕತೆಯಲ್ಲವೇ ಎಂದು ಒಂದು ಪ್ರತಿ ಕೊಂಡು ಅವರ ಹುಟ್ಟುಹಬ್ಬಕ್ಕೆ ಕೊಟ್ಟುಬಂದೆ. ಹಿರಿಯರು ಆಶೀರ್ವಾದ ಮಾಡುತ್ತಾರೆ ಎಂದುಕೊಂಡಿದ್ದೆ. ಮರುದಿನ ಆಫೀಸಿನಲ್ಲಿರುವಾಗ ಫೋನು ಬಂತು.

"ಅವ್ವಿ, ಈಗಿಂದೀಗ ಬಾ. ಮನ್ಯಾಗ ಕಳವಾಗೇದ."

ಆಫೀಸು ಬಿಟ್ಟು, ಆಟೋ ಹಿಡಿದು ಓಡಿದೆ. ಬಾಗಿಲಲ್ಲಿ ಸೊಸೈಟಿಯ ವಾಚ್‌ಮನ್ ಕೋಲು ಹಿಡಿದು ನಿಂತಿದ್ದ. ಒಳಗೆ ಮಾಮಿ ನೆಮ್ಮದಿಯಾಗಿ ಮೆಂತೆ ಸೊಪ್ಪು ಬಿಡಿಸುತ್ತ ಕುಳಿತಿದ್ದರು.

"ಏನು ಹೋತು ಮಾಮಾ? ಬಂಗಾರ ಏನು?"

"ನನ್ನ ಸಾಲಿ ಹೋತು" ಎಂದರು ಮಾಮಾ, ಪುಸ್ತಕವನ್ನು ನನ್ನ ಮುಖದ ಮುಂದೆ ಹಿಡಿದು. "ಪೂರಾ ಸಾಲೀನ ಕದ್ದಾನ."

ವಿಷಯ ಇಷ್ಟೇ. ಪುಸ್ತಕದಲ್ಲಿ 'ನಾನು' ಎಂಬ ಹುಡುಗ ಮಾಡುವ ಎಲ್ಲ ಕಿತಾಪತಿಗಳನ್ನೂ ನಿಜವಾಗಿ ಮಾಡಿದವರು ನಮ್ಮ ಮಾಮಾನಂತೆ! ಸಾಹಿತಿಗಳು ಆಗ ಬಾಯಲ್ಲಿ ಬೆರಳಿಟ್ಟರೆ ಕಚ್ಚಲು ಬಾರದ ಹುಡುಗನಂತೆ. ಮೈಯೂ ಅಷ್ಟೇ, ಸ್ವಭಾವವೂ ಅಷ್ಟೇ ಎಂದು ಎಲ್ಲರೂ ಅವರನ್ನು ಗುಬ್ಬಿ ಎಂದೇ ಕರೆಯುತ್ತಿದ್ದರಂತೆ.

ಉದಾಹರಣೆಗೆ ಗಂಟೆಯ ಪ್ರಕರಣ. ಶಾಲೆಯ ಅಂಗಳದ ಬೇವಿನ ಮರಕ್ಕೆ ರೈಲು ಹಳಿಯ ಒಂದು ತುಂಡನ್ನು ತೂಗುಹಾಕಿದ್ದರು. ಅದೇ ಗಂಟೆ. ಗಂಟೆಯೇ ಇಲ್ಲದಿದ್ದರೆ ಶಾಲೆ ಹೇಗೆ ಶುರುವಾಗುತ್ತದೆ ನೋಡೋಣ ಎಂದು ಮಾಮಾ ಒಂದು ಬೆಳಗಿನ ಜಾವ ಅದನ್ನು ಬಿಚ್ಚಿ, ಹೆಗಲಿಗೆ ಹೊತ್ತು, ಪಕ್ಕದ ಬಣವೆಯೊಳಗೆ ತುರುಕಿಬಿಟ್ಟರು. ಶಾಲೆ ಶುರುವಾಗಿಯೇ ಆಯಿತು. ಜವಾನ ಕೂಗಿ ಕರೆದ, ಮಕ್ಕಳು ಒಳಗೆ ಹೋದವು. ಫಜೀತಿ ಆದದ್ದು ಸಂಜೆ. ಗಂಟೆ ಬಾರಿಸದೆ ಶಾಲೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ ಎಂದು ಹೆಡ್‌ಮಾಸ್ತರರು ಕುರ್ಚಿಯಲ್ಲಿ ಕುಳಿತುಬಿಟ್ಟರು! ಹೊತ್ತು ಮುಳುಗುತ್ತ ಬಂತು. ಹೊರಗೆ ತಾಯಂದಿರು ಬೊಬ್ಬೆ ಹಾಕುತ್ತಿದ್ದರು. ಹೆಡ್‌ಮಾಸ್ತರರು ಅಲುಗಲಿಲ್ಲ. ಕೊನೆಗೆ ಕದ್ದವನೇ ಎದ್ದುಹೋಗಿ ಬಣವೆಯಿಂದ ಗಂಟೆ ತಂದು, ಮರಕ್ಕೆ ಕಟ್ಟಿ, ತಾನೇ ಬಾರಿಸಿ, ಶಾಲೆ ಬಿಡಿಸಿ, ಆಮೇಲೆ ಕೈ ಚಾಚಿ ಛಡಿಯ ಏಟು ತಿಂದ.

ಪುಸ್ತಕದಲ್ಲಿ ಈ ಭಾಗ ಬಂದಾಗ ಓದುಗರು ಕಣ್ಣು ಒರೆಸಿಕೊಳ್ಳುತ್ತಾರೆ. ಸಣ್ಣ ತರಗತಿಯ ಮಕ್ಕಳ ಬಾಡಿದ ಮುಖಗಳನ್ನು ನೋಡಿ 'ನಾನು' ಕರಗಿ ತಪ್ಪೊಪ್ಪಿಕೊಂಡೆ ಎಂದು ಸಾಹಿತಿಗಳು ಬರೆದಿದ್ದಾರೆ.

"ಸಣ್ಣ ಹುಡುಗರ ಹಸಿವಿಗೆ ಕರಗಿದನಂತ!" ಮಾಮಾ ಕೆಂಡಾಮಂಡಲವಾಗಿದ್ದರು. "ನನಗ ಹಸಿವಾಗಿತ್ತವಾ. ಅದಕ್ಕ ತಂದು ಕೊಟ್ಟೆ."

ಅದರಲ್ಲಿ ಒಂದು ನಾಯಿಯೂ ಬರುತ್ತದೆ. ಗಂಟೆ ಹೊತ್ತು ಹೋಗುವಾಗ ಬೊಗಳಿದ ಬಿಳಿಯ ನಾಯಿ. ಅದರ ಬಾಯಿ ಮುಚ್ಚಿಸಲು ಹುಡುಗ ತನ್ನ ರೊಟ್ಟಿಯನ್ನೇ ಎಸೆಯುತ್ತಾನೆ. ಬಹಳ ಸೊಗಸಾದ ನಾಯಿ. ಅದನ್ನು ನೆನೆದರೆ ಮಾಮಾನಿಗೆ ಎಲ್ಲಕ್ಕಿಂತ ಹೆಚ್ಚು ಉರಿಯುತ್ತದೆ.

"ಆ ನಾಯೀನ ಇರಲಿಲ್ಲ. ಮರುದಿನ ಅವಗ ಹೇಳುಮುಂದ ಕತಿಗೆ ರುಚಿ ಬರಲಿ ಅಂತ ನಾ ಸೇರಿಸಿದ್ದು. ನನ್ನ ಉಡಾಳತನ ಕದ್ದದ್ದು ಹೋಗಲಿ, ನನ್ನ ಸುಳ್ಳೂ ಕದ್ದಾನಲ್ಲ?"

ಮಾಮಿ ಸೊಪ್ಪಿನ ಬುಟ್ಟಿಯಿಂದ ತಲೆ ಎತ್ತದೆ ಹೇಳಿದರು: "ಏಳು ಕಡೆ ಓಡಾಡಿ ಅಂಗಡಿ ಕಟ್ಟಿದ್ರಿ, ಮಕ್ಕಳನ್ನ ಓದಿಸಿದ್ರಿ, ತಂಗ್ಯಾರ ಮದವಿ ಮಾಡಿದ್ರಿ. ಅದ್ಯಾವುದೂ ನೆನಪಿಲ್ಲ. ಆ ಹಾಳ ಗಂಟಿ ಒಂದ ನಿಮ್ಮ ಸಾಧನಾ ಏನು?"

"ಅಂಗಡಿ ಯಾರರೆ ಕಟ್ಟತಾರ" ಎಂದರು ಮಾಮಾ. "ಗಂಟಿ ನಾ ಒಬ್ಬನ ಕದ್ದೀನಿ."

ಅವತ್ತಿನಿಂದ ನಮಗೆ ನೆಮ್ಮದಿ ಇಲ್ಲ. ಮನೆಗೆ ಬಂದವರಿಗೆಲ್ಲ ಈ ವ್ಯಾಜ್ಯವನ್ನು ಕೇಳದೆ ಚಹಾ ಸಿಗುವುದಿಲ್ಲ. ಗ್ಯಾಸ್ ತಂದವನಿಗೆ ಹೇಳಿದರು. ಹಲ್ಲಿನ ಡಾಕ್ಟರಿಗೆ, ಬಾಯಿ ತೆರೆದಿರುವಾಗಲೇ ಹೇಳಲು ಹೋಗಿ ನಾಲಿಗೆ ಕಚ್ಚಿಕೊಂಡರು. ಪಕ್ಕದ ಮನೆಯ ಮರಾಠಿ ಹಿರಿಯರಿಗೆ ಮರಾಠಿಯಲ್ಲಿ ಹೇಳಿದರು. ಆ ಪುಣ್ಯಾತ್ಮರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಅಹೋ, ಮಗ ತುಮ್ಹೀಚ ಲಿಹಾ ನಾ" ಎಂದುಬಿಟ್ಟರು. ಹಾಗಾದರೆ ನೀವೇ ಬರೆಯಿರಿ!

ಸರಿ, ಮಾಮಾ ಬರೆಯಲು ಕುಳಿತರು. ಊಟದ ಮೇಜು ಅವರ ವಶವಾಯಿತು. ಟಿವಿ ಬಂದಾಯಿತು. ಮಾಮಿ ಕುಕ್ಕರ್ ಸೀಟಿ ಹೊಡೆಯದ ಅಡುಗೆ ಮಾಡಬೇಕಾಯಿತು. ಒಂದು ವಾರ ಮನೆಯವರೆಲ್ಲ ತುದಿಗಾಲಲ್ಲಿ ಓಡಾಡಿದ ಮೇಲೆ ನನ್ನನ್ನು ಕರೆಸಿ, ಗಂಟಲು ಸರಿಮಾಡಿಕೊಂಡು ಓದಿದರು: "ನಾನು ಶಾಲೆಗೆ ಹೋಗುತ್ತಿದ್ದೆ. ಗಂಟೆ ಕದ್ದೆ. ಏಟು ಬಿತ್ತು."

ನಾನು ಕಾದೆ. ಅಷ್ಟೇ!

"ಮುಂದ, ಮಾಮಾ?"

"ಮುಂದ ಏನು? ಆದದ್ದೆಲ್ಲಾ ಬರದೀನಿ. ಗಿರಾಕಿ ಏನು ಕೇಳತಾನ, ಅಷ್ಟ ಕೊಡಬೇಕು."

ಇಷ್ಟಾದರೂ ಸುಮ್ಮನಾಗಬಹುದಿತ್ತು, ಬಾರಾಮತಿಯ ಮದುವೆಯೊಂದು ಬರದಿದ್ದರೆ. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಒಬ್ಬರ ಮಗಳ ಮದುವೆ. ಊಟದ ಪಂಕ್ತಿಯಲ್ಲಿ ಮದುಮಗನ ತಂದೆ, ಸಾಹಿತ್ಯಪ್ರೇಮಿ, ಎಲ್ಲರನ್ನೂ ನಗಿಸಲು ಆ ಪುಸ್ತಕದ ರುಮಾಲಿನ ಪ್ರಸಂಗ ಹೇಳತೊಡಗಿದರು. ಹೆಡ್‌ಮಾಸ್ತರರು ಗೂಟಕ್ಕೆ ತೂಗುಹಾಕಿದ್ದ ರುಮಾಲಿನ ತುದಿಯನ್ನು ಉಡಾಳ ಹುಡುಗ ಕಿಟಕಿಯ ಸರಳಿಗೆ ಕಟ್ಟಿಬಿಡುತ್ತಾನೆ. ಇನ್‌ಸ್ಪೆಕ್ಟರ್ ಸಾಹೇಬರು ಬಂದರೆಂದು ಹೆಡ್‌ಮಾಸ್ತರರು ಗಡಿಬಿಡಿಯಲ್ಲಿ ರುಮಾಲು ತಲೆಗಿಟ್ಟು ಓಡುತ್ತಾರೆ. ಅವರು ಪಡಸಾಲೆ ದಾಟಿ ಅಂಗಳಕ್ಕೆ ಇಳಿಯುವ ಹೊತ್ತಿಗೆ ರುಮಾಲು ಪೂರ್ತಿ ಬಿಚ್ಚಿಕೊಂಡು ಹಿಂದೆ ಉದ್ದಕ್ಕೆ ಹಾಸಿಕೊಂಡಿರುತ್ತದೆ. ಸಾಹೇಬರು ತಮಗಾಗಿ ಬಟ್ಟೆ ಹಾಸಿದ್ದಾರೆಂದು ತಿಳಿದು ಅದರ ಮೇಲೆಯೇ ನಡೆದು ಒಳಗೆ ಬರುತ್ತಾರೆ!

ಪಂಕ್ತಿಯೆಲ್ಲ ನಗುತ್ತಿರುವಾಗ ಮಾಮಾ ಶ್ರೀಖಂಡದ ಕೈಯಲ್ಲೇ ಎದ್ದು ನಿಂತರು. ಮಾಮಿ ಸೆರಗಿನಿಂದ ಮುಖ ಮುಚ್ಚಿಕೊಂಡರು.

"ಆ ಹುಡುಗ ನಾನರಿ" ಎಂದರು ಮಾಮಾ.

ಮದುಮಗನ ತಂದೆ ದಂಗಾದರು. "ಅಂದ್ರ... ಅವರು ನೀವಾ?"

"ನಾನ."

ಆಮೇಲೆ ನಡೆದದ್ದನ್ನು ಹೇಳಲು ನನಗೇ ಸಂಕಟ. ಆ ಮಹಾನುಭಾವರು ಕೈ ತೊಳೆಯಲೂ ಬಿಡದೆ ಮಾಮಾನನ್ನು ಮಂಟಪಕ್ಕೆ ಎಳೆದೊಯ್ದು, ನಮ್ಮ ಪುಣ್ಯ, ಇಂಥ ದೊಡ್ಡ ಸಾಹಿತಿಗಳು ನಮ್ಮ ಮನೆಯ ಮದುವೆಗೆ ಬಂದಿದ್ದಾರೆ ಎಂದು ಘೋಷಿಸಿ ಶಾಲು ಹೊದಿಸಿದರು, ಹಾರ ಹಾಕಿದರು. ಮಾಮಾ ಬಾಯಿ ತೆರೆದಾಗಲೆಲ್ಲ ಚಪ್ಪಾಳೆ ಬಿತ್ತು. ಮದುಮಗಳು ಕಾಲಿಗೆ ನಮಸ್ಕರಿಸಿ, ನಿಮ್ಮ ಪಾಠ ನಮಗೆ ಒಂಬತ್ತನೇ ತರಗತಿಯಲ್ಲಿತ್ತು ಎಂದಳು. ಪುಣೆಗೆ ಮರಳುವ ದಾರಿಯುದ್ದಕ್ಕೂ ಮಾಮಾ ಆ ಶಾಲು ಹೊದ್ದೇ ಕುಳಿತಿದ್ದರು. ಮನೆ ಹತ್ತಿರ ಬಂದಾಗ ಶಾಲು ತೆಗೆದು ಮಡಚಿ ನನ್ನ ತೊಡೆಯ ಮೇಲಿಟ್ಟರು.

"ಜೀವಮಾನದಾಗ ಒಂದ ಸನ್ಮಾನ ಆತು. ಅದೂ ಅವನ ಹೆಸರಲೇ."

ಇಂಥ ಹೊತ್ತಿನಲ್ಲಿ, ಓದುಗ ಮಹಾಶಯರೇ, ನಮ್ಮ ಕೂಟದವರು ಆ ಸಾಹಿತಿಗಳನ್ನೇ ಪುಣೆಗೆ ಕರೆಸಲು ತೀರ್ಮಾನಿಸಿದರು! ಪುಣೆಯಲ್ಲಿ ಕನ್ನಡ ಓದುವ ನಾವೊಂದಷ್ಟು ಮಂದಿ ಸೇರಿ ಕಟ್ಟಿಕೊಂಡ ಕೂಟ ಅದು. ನಾನು ಅದರ ಕಾರ್ಯದರ್ಶಿ. ಸಾಹಿತಿಗಳನ್ನು ಪುಸ್ತಕದಲ್ಲಿ ಓದುವುದು ಬೇರೆ, ರೈಲ್ವೆ ಸ್ಟೇಷನ್ನಿನಿಂದ ಕರೆತರುವುದು ಬೇರೆ. ಹೊಸ ಕಾವ್ಯದ ಬಗ್ಗೆ ಮಾತಾಡಲು ಬಂದ ಕವಿಗಳೊಬ್ಬರು ಹೆಂಡತಿ, ಹೆಂಡತಿಯ ತಂಗಿ, ಆ ತಂಗಿಯ ಅತ್ತೆ ಮಾವಂದಿರ ಸಮೇತ ಬಂದಿಳಿದು, ರಾಂಜಣಗಾಂವದಿಂದ ಶುರುಮಾಡಿ ಅಷ್ಟವಿನಾಯಕರ ಎಂಟೂ ಗುಡಿಗಳನ್ನು ನಮ್ಮ ಗಾಡಿಯಲ್ಲೇ ನೋಡಿ ಮುಗಿಸಿ, ಕಾವ್ಯದ ಬಗ್ಗೆ ಮಾತ್ರ ಚಹಾ ಆರುವಷ್ಟರೊಳಗೆ ಮಾತು ಮುಗಿಸಿದ್ದರು. ತಮಗೆ ಗಂಜಿ ಬಿಟ್ಟು ಬೇರೇನೂ ಸೇರದು ಎಂದು ಮೊದಲೇ ಬರೆದು ತಿಳಿಸಿದ್ದ ಕಾದಂಬರಿಕಾರರು ಇಲ್ಲಿ ಐಸ್‌ಕ್ರೀಂ ತೇಲುವ ಮಸ್ತಾನಿಯನ್ನು ಲೋಟಗಟ್ಟಲೆ ಕುಡಿದು, ಊರಿಗೆ ಎಣ್ಣೆಯಲ್ಲಿ ಕರಿದ ಬಾಕರವಡಿ ಕಟ್ಟಿಸಿಕೊಂಡು ಹೋದರು. ಇನ್ನು ಮೌನದ ಮಹತ್ವದ ಬಗ್ಗೆ ಉಪನ್ಯಾಸ ಕೊಟ್ಟ ವಿಮರ್ಶಕರ ಕೈಯಿಂದ ಮೈಕು ಬಿಡಿಸಿಕೊಳ್ಳಲು ಸಭಾಂಗಣದವರು ದೀಪ ಆರಿಸಬೇಕಾಯಿತು! ಇವರನ್ನೆಲ್ಲ ಸಹಿಸಿಕೊಂಡವಳು ನಾನು. ಆದರೆ ಆ ಯಾರೂ ನನ್ನ ಮಾಮಾನ ಗಂಟೆ ಕದ್ದಿರಲಿಲ್ಲ.

ಮಾಮಾನಿಗೆ ತಿಳಿಯಬಾರದೆಂದು ಎಲ್ಲರ ಬಾಯಿಗೂ ಬೀಗ ಹಾಕಿದ್ದೆ. ಎಲ್ಲಿಂದ ತಿಳಿಯಿತೋ, ಫೋನು ಬಂದೇಬಂತು.

"ಗುಬ್ಬಿ ಊಟಾ ನಮ್ಮನ್ಯಾಗ."

"ಮಾಮಾ, ಅವರು ದೊಡ್ಡ ಮನಶಾ. ನೀವು ಅಲ್ಲಿ ಜಗಳ ತಗದ್ರ ನನ್ನ ಮಾನ ಹೋಗತದ."

"ಜಗಳ ಯಾಕವಾ? ಒಂದ ಮಾತು. 'ಅದನ್ನೆಲ್ಲಾ ಮಾಡಿದವ ನಾ ಅಲ್ಲ, ಇಗಾ ಇಲ್ಲಿ ಕುಂತಾನಲ್ಲ, ಇಂವ' ಅಂತ ಮೈಕಿನಾಗ ಹೇಳಬೇಕು. ಮಂದಿ ಮುಂದ. ಅಷ್ಟ ಸಾಕು ನನಗ. ನಾ ಮತ್ತೇನು ಕೇಳೀನಿ ಯಾರ ಕಡೆ?" ಎಂದರು.

ನನಗೂ ಮೈ ಉರಿಯಿತು, ಈ ಸಲ ಮಾಮಾನ ಮೇಲಲ್ಲ. ಹೌದಲ್ಲ! ಈ ಮುದುಕ ಕೇಳುತ್ತಿರುವುದು ಒಂದು ಮಾತು. ಅಷ್ಟೂ ಹೇಳಲಾಗದಷ್ಟು ದೊಡ್ಡವರೇ ಇವರು? ಇನ್ನೊಬ್ಬರ ಏಟನ್ನು ತಮ್ಮದೆಂದು ಬರೆದುಕೊಂಡು ಊರೂರಲ್ಲಿ ಹಾರ ಹಾಕಿಸಿಕೊಳ್ಳಲು ನಾಚಿಕೆ ಬೇಡವೇ? ಕಾರ್ಯಕ್ರಮದ ದಿನ ಸಾಹಿತಿಗಳನ್ನು ಸ್ಟೇಷನ್ನಿನಿಂದ ಕರೆತರುವಾಗ ನಾನು ಮುಖ ಕೊಟ್ಟು ಮಾತಾಡಲಿಲ್ಲ. ಸಣಕಲು ಮೈ, ದಪ್ಪ ಕನ್ನಡಕ, ಮಡಿಲಲ್ಲಿ ಚೀಲ ಅವುಚಿಕೊಂಡು ಕುಳಿತ ರೀತಿ. ಗಾಡಿ ಜೋರಾಗಿ ತಿರುಗಿದಾಗಲೆಲ್ಲ ಮುಂದಿನ ಸೀಟು ಹಿಡಿದುಕೊಳ್ಳುತ್ತಿದ್ದರು.

ಬಾಗಿಲು ತೆರೆದ ಮಾಮಾ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಏನಲೇ ಗುಬ್ಬಿ, ಇನ್ನೂ ಅಷ್ಟ ಅದೀಯಲ್ಲ."

"ನೀನೂ ಅಷ್ಟ ಗದ್ದಲಾ ಮಾಡತಿ" ಎಂದು ಸಾಹಿತಿಗಳು ನಕ್ಕರು.

ಎಣ್ಣೆಗಾಯಿ, ರೊಟ್ಟಿ, ಹೋಳಿಗೆ. ಮಾಮಾ ತುತ್ತು ಬಾಯಿಗಿಡದೆ ಗಂಟೆಯಿಂದಲೇ ವಿಚಾರಣೆ ಶುರುಮಾಡಿದರು. ಸಾಹಿತಿಗಳು ವಾದಿಸಲಿಲ್ಲ. ರೊಟ್ಟಿ ಕೈಯಲ್ಲೇ ಹಿಡಿದು, ಮುಂದಕ್ಕೆ ಬಾಗಿ ಕೇಳುತ್ತಿದ್ದರು.

"ಅಲ್ಲಾ, ಅಷ್ಟು ಭಾರ ಹೆಂಗ ಇಳಿಸಿದಿ? ಅದೊಂದು ಬರೀಮುಂದ ನನಗ ಬಗೀಹರಿಯಲಿಲ್ಲ."

"ಬಾವಿ ಹಗ್ಗಲೇ" ಎಂದು ಮಾಮಾ ಉತ್ತರ ಕೊಟ್ಟೇಬಿಟ್ಟರು. "ಟೊಂಗಿಗೆ ಒಂದು ಸುತ್ತು ಹಾಕಿ..." ಎನ್ನುವಷ್ಟರಲ್ಲಿ ನೆನಪಾಗಿ ಸಿಟ್ಟು ತಂದುಕೊಂಡರು. "ಲೇ, ಈಗರೆ ಹೇಳು. ನನ್ನವೆಲ್ಲಾ ನಿನ್ನವು ಅಂತ ಯಾಕ ಬರದಿ?"

ಸಾಹಿತಿಗಳು ರೊಟ್ಟಿಯನ್ನು ತಟ್ಟೆಯಲ್ಲಿಟ್ಟರು.

"ನಮ್ಮಣ್ಣ ಕೆರಿಗೆ ಈಸಾಕ ಹೋದವ ತಿರುಗಿ ಬರಲಿಲ್ಲ. ನಿನಗ ಗೊತ್ತದ. ಆಮ್ಯಾಲ ಅವ್ವ ನನ್ನ ಕಡೆಯಿಂದ ಆಣಿ ಮಾಡಿಸಿಕೊಂಡಳು. ಕೆರಿ ಬ್ಯಾಡ, ಗಿಡಾ ಬ್ಯಾಡ, ಓಡೂದೂ ಬ್ಯಾಡ. ಆಟಕ್ಕ ಬಿಟ್ಟಾಗ ನಾ ಕಿಡಕ್ಯಾಗ ಕುಂತಿರತಿದ್ದೆ. ನೀ ಏನೇನೋ ಮಾಡಿ ಬಂದು, ನನ್ನ ಬಾಜೂ ಕುಂತು ಹೇಳಾಂವ. ಮನಿಗೆ ಹೋಗಿ, ಚಾದರ ಹೊದ್ದು ಮಲಗಿ, ಅದನ್ನೆಲ್ಲಾ ನಾ ಮಾಡತಿದ್ದೆ. ನೀ ಗಂಟಿ ಒಮ್ಮೆ ಕದ್ದಿ. ನಾ ಎಷ್ಟು ಸಲ ಕದ್ದೀನೋ ಲೆಕ್ಕ ಇಲ್ಲೋ."

ಮಾಮಾ ನೀರಿನ ಲೋಟವನ್ನು ಅವರ ಕಡೆಗೆ ಸರಿಸಿದರು.

"ಮೊದಲ 'ಅವನು' ಅಂತ ಬರದು ನೋಡಿದೆ. ಕೈ ಓಡಲಿಲ್ಲ. ನನ್ನ ಮೊಮ್ಮಗಳು ಕೇಳತಾಳ, 'ಅಜ್ಜಾ, ನೀ ಸಾಲ್ಯಾಗ ಏನು ಮಾಡತಿದ್ದಿ' ಅಂತ. ಏನು ಹೇಳಲಿ? 'ಕುಂತಿದ್ದೆ' ಅನ್ನಲೇನು?" ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. "ಆದರ ತಪ್ಪು ತಪ್ಪ. ಇವತ್ತ ಮಂದಿ ಮುಂದ ಹೇಳತೇನಿ."

"ಅವಗ ಹೋಳಿಗಿ ಮ್ಯಾಲ ತುಪ್ಪ ಹಾಕು" ಎಂದರು ಮಾಮಾ, ಮಾಮಿಯ ಕಡೆಗೆ ತಿರುಗಿ. ಆ ಮಧ್ಯಾಹ್ನ ಅವರು ಎಂದಿನಂತೆ ಅಡ್ಡಾಗಲಿಲ್ಲ. ಬಾಲ್ಕನಿಯಲ್ಲಿ ನಿಂತು, ಮೇಲೆ ಹಾರಿಹೋಗುವ ವಿಮಾನಗಳನ್ನು ನೋಡುತ್ತಿದ್ದರು. ಕೊನೆಗೂ ಗೆದ್ದ ಸಂಭ್ರಮ ಎಂದುಕೊಂಡೆ.

ಸಂಜೆ ಸಭಾಂಗಣ ತುಂಬಿತ್ತು. ಮಾಮಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮೊದಲ ಸಾಲಿನಲ್ಲಿ ಕುಳಿತಿದ್ದರು. ಏನಾದರೂ ಅನಾಹುತ ಮಾಡಿಯಾರು ಎಂಬ ಭಯಕ್ಕೆ ನಾನು ಪಕ್ಕದಲ್ಲೇ ಕುಳಿತು ಆ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದೆ.

ಸಾಹಿತಿಗಳು ಎದ್ದು ನಿಂತರು. ಮೈಕು ಸರಿಮಾಡಿಕೊಂಡರು. "ಓದುವ ಮೊದಲು ನಾನು ಒಂದು ಮಾತು ಹೇಳಬೇಕು" ಎಂದರು. "ಈ ಪುಸ್ತಕದಲ್ಲಿ ಬರುವ ಉಡಾಳ ಹುಡುಗ ನಾನಲ್ಲ. ನಿಜವಾಗಿ ಅದನ್ನೆಲ್ಲ ಮಾಡಿದವನು..."

ಮಾಮಾ ಎದ್ದುಬಿಟ್ಟರು. ನಾನು ಅಂಗಿಯ ತುದಿ ಜಗ್ಗಿದೆ.

"ಸುಳ್ಳರಿ" ಎಂದರು ಮಾಮಾ, ಇಡೀ ಸಭೆಗೆ ಕೇಳುವಂತೆ. "ಇಂವ ಮೊದಲಿಂದನೂ ಸಂಕೋಚದವ, ಅದಕ್ಕ ಹಿಂಗ ಹೇಳಾಕ ಹತ್ತ್ಯಾನ. ನಂಬಬ್ಯಾಡ್ರಿ. ನಾ ಇವನ ಜೋಡಿ ಕಲಿತಾಂವ. ಗಂಟಿ ಕದ್ದಾಂವ ಇವನ. ರುಮಾಲು ಕಟ್ಟಿದಾಂವ ಇವನ. ಇಷ್ಟು ಉಡಾಳ ಹುಡುಗ ನಮ್ಮ ಸಾಲ್ಯಾಗ ಮತ್ತೊಬ್ಬ ಇರಲಿಲ್ಲ."

ಜನ ಚಪ್ಪಾಳೆ ತಟ್ಟಿ ನಕ್ಕರು. ಹಿಂದಿನ ಸಾಲಿನಿಂದ ಯಾರೋ ಕೇಳಿದರು, "ಮತ್ತ ನೀವು ಏನು ಮಾಡತಿದ್ರಿ ಅಜ್ಜಾರ?"

"ನಾ ಏನು ಮಾಡಲಿರಿ?" ಎಂದರು ಮಾಮಾ. "ನಾ ಕಿಡಕ್ಯಾಗ ಕುಂತು ನೋಡತಿದ್ದೆ."

ವೇದಿಕೆಯ ಮೇಲೆ ಸಾಹಿತಿಗಳು ಪುಸ್ತಕವನ್ನು ಎದೆಗೆ ಹಿಡಿದು ನಿಂತಿದ್ದರು. ಮಾಮಾ ಅವರ ಕಡೆ ನೋಡಿ, "ಓದಲೇ, ಮಂದಿ ಕಾಯಾಕ ಹತ್ತ್ಯಾರ" ಎಂದು ಕುಳಿತುಕೊಂಡರು. ನನ್ನ ಮುಷ್ಟಿಯಲ್ಲಿ ಆ ಅಂಗಿಯ ತುದಿ ಇನ್ನೂ ಇತ್ತು. ಜಗ್ಗಿ ಕೂರಿಸಲೆಂದು ಹಿಡಿದಿದ್ದೆ. ಈಗ ಅದನ್ನೇ ಹಿಡಿದುಕೊಂಡು, ಯಾರಾದರೂ ನೋಡಿದರೆ ನೋಡಲಿ ಎಂದು ಅಳುತ್ತ ಕುಳಿತೆ.